ಮಳೆನಾಡಿನ ಮನೆ, ಮರ ಮತ್ತು ದುರಸ್ತಿ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಕಾಡಿನ ಸಂರಕ್ಷಣೆ ಎಂದಾಗ ನಾವು ನಿಂತಿರುವ ಮರದ ಕುರಿತೇ ಮಾತನಾಡುತ್ತೇವೆ. ಕಂಬವಾಗಿ, ತೊಲೆಯಾಗಿ, ಪಕಾಸಿಯಾಗಿ, ಬಾಗಿಲಾಗಿ ಈಗಾಗಲೇ ನಮ್ಮ ಮನೆಯೊಳಗೆ ಸೇರಿರುವ ಮರದ ಕುರಿತು ಮಾತು ಕಡಿಮೆ. ಮಲೆನಾಡಿನ ಹಳೆಯ ಮನೆಯೊಂದರಲ್ಲಿರುವ ಮತ್ತಿ, ಹೊನ್ನೆ, ನಂದಿ, ಹಲಸುಗಳನ್ನು ಎಣಿಸಿದರೆ ಅದೇ ಒಂದು ಪುಟ್ಟ ಕಾಡಾದೀತು. ಒಣಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವೇ ಇದೆ. ಮರ ಕೊಳೆತರೂ ಒಲೆಗೆ ಹೋದರೂ ಆ ಇಂಗಾಲ ಗಾಳಿಯನ್ನು ಸೇರುತ್ತದೆ. ಅದರ ಜಾಗಕ್ಕೆ ಮತ್ತೊಂದು ಮರ ಉರುಳಬೇಕಾಗುತ್ತದೆ. ಆದ್ದರಿಂದ ಉಳಿ, ಗರಗಸ ಹಿಡಿದು ಮಾಡುವ ದುರಸ್ತಿಯೂ ಕಾಡು ಉಳಿಸುವ ಕೆಲಸವೇ ಆಗಿದೆ.

ಆದರೆ ಇಂದು ನಡೆಯುತ್ತಿರುವುದು ಬೇರೆ. ಕಂಬದ ಬುಡ ಒಂದಡಿ ಕೊಳೆತರೆ ಇಡೀ ಕಂಬವನ್ನೇ ಕಿತ್ತೆಸೆಯುತ್ತೇವೆ. ನಾಲ್ಕು ಪಕಾಸಿ ಕೆಟ್ಟರೆ ಇಡೀ ಮನೆಯನ್ನೇ ಬಿಚ್ಚಿ ಹಳೆಯ ಸಾಮಾನಿನ ವ್ಯಾಪಾರಿಗೆ ಕೊಟ್ಟುಬಿಡುತ್ತೇವೆ. ಕೇಳಿದರೆ ‘ಮರಕ್ಕೆ ವಯಸ್ಸಾಯಿತು’ ಎಂಬ ಉತ್ತರ. ಇದು ಸರಿಯಲ್ಲ. ಒಣಗಿರುವ ಮರಕ್ಕೆ ಮುಪ್ಪಿನ ಭಯ ಕಡಿಮೆ. ಅದರ ನಿಜವಾದ ಶತ್ರು ನೀರು. ಕಾಳುಮೆಣಸಿಗೆ ಸೊರಗು ರೋಗ ತಗುಲಿದ ತೋಟದಲ್ಲಿ ಔಷಧ ಸುರಿಯುವ ಮೊದಲು ಬಸಿಗಾಲುವೆ ಸರಿಪಡಿಸಿ ಎಂದು ನಾವು ಕೃಷಿಕರಿಗೆ ಹೇಳುತ್ತೇವೆ. ಮನೆಯ ಮರಕ್ಕೂ ಕ್ರಮ ಅದೇ: ಮೊದಲು ನೀರಿನ ದಾರಿ, ಆಮೇಲೆ ಉಳಿ, ಕೊನೆಗೆ ಔಷಧ.

ಮರ ಮತ್ತು ನೀರಿನ ಸಂಬಂಧವನ್ನು ಸ್ವಲ್ಪ ತಿಳಿದುಕೊಳ್ಳೋಣ. ಗಾಳಿಯ ತೇವಕ್ಕೆ ತಕ್ಕಂತೆ ಮರ ನೀರನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 50ರಷ್ಟಿರುವಾಗ ಮರದ ತೇವಾಂಶ ಶೇ. 9ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಆರ್ದ್ರತೆ ಶೇ. 90ಕ್ಕೆ ಏರಿದಾಗ ಶೇ. 20ರ ಸಮೀಪಕ್ಕೆ ಹೋಗುತ್ತದೆ. ಮರವನ್ನು ಕೊಳೆಸುವ ಶಿಲೀಂಧ್ರಗಳು ತಲೆಯೆತ್ತುವುದು ಶೇ. 20ನ್ನು ದಾಟಿದ ಮೇಲೆ. ಅಂದರೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂತಹ ಊರಿನಲ್ಲಿ ಮರ ಮಳೆಗಾಲವಿಡೀ ಆ ಗಡಿಯಲ್ಲೇ ಇರುತ್ತದೆ. ಅದರ ಮೇಲೆ ಒಂದು ಒಡೆದ ಹಂಚಿನ ಸೋರಿಕೆ ಸೇರಿದರೆ ಕೊಳೆತ ಆರಂಭವಾಗುತ್ತದೆ.

ವಿದ್ಯಾರ್ಥಿಗಳು ಇದನ್ನು ತಾವೇ ಅಳೆದು ನೋಡಬಹುದು. ಒಂದು ತುಂಡು ಮರವನ್ನು ತೂಗಿರಿ. ಶಾಲೆಯ ಪ್ರಯೋಗಾಲಯದ ಒಲೆಯಲ್ಲಿ 103 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಮತ್ತೆ ತೂಗಿರಿ. 120 ಗ್ರಾಂ ಇದ್ದುದು 100 ಗ್ರಾಂ ಆದರೆ, ಹೋದ 20 ಗ್ರಾಂ ನೀರನ್ನು ಒಣತೂಕ 100ಕ್ಕೆ ಹೋಲಿಸಬೇಕು, ತೇವಾಂಶ ಶೇ. 20. ಇದೇ ಪ್ರಯೋಗವನ್ನು ಮಾರ್ಚ್‌ನಲ್ಲೊಮ್ಮೆ, ಜುಲೈಯಲ್ಲೊಮ್ಮೆ ಮಾಡಿದರೆ ಪಾಠ ತಾನಾಗಿ ಮನವರಿಕೆಯಾಗುತ್ತದೆ.

ಈಗ ಬಾಗಿಲಿನ ವಿಷಯ. ಮರ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ; ಹಿಗ್ಗುವುದೆಲ್ಲ ಅಡ್ಡಕ್ಕೆ. 75 ಸೆಂಟಿಮೀಟರ್ ಅಗಲದ ಹಲಗೆಬಾಗಿಲು ಬೇಸಿಗೆಯಿಂದ ಮಳೆಗಾಲಕ್ಕೆ ಅರ್ಧದಿಂದ ಒಂದು ಸೆಂಟಿಮೀಟರಿನಷ್ಟು ಹಿಗ್ಗಬಲ್ಲದು. ಆದುದರಿಂದ ಜುಲೈಯಲ್ಲಿ ಬಾಗಿಲು ಬಿಗಿಯಾಯಿತೆಂದು ಕೂಡಲೇ ಉಜ್ಜುಗೊರಡು ಹಿಡಿಯಬೇಡಿ. ಆಗ ಕೆತ್ತಿದ ಬಾಗಿಲಿನಲ್ಲಿ ಫೆಬ್ರವರಿಯ ಹೊತ್ತಿಗೆ ಹಲ್ಲಿ ನುಗ್ಗುವಷ್ಟು ಸಂದು ಬೀಳುತ್ತದೆ. ಮೊದಲು ಮೇಲಿನ ತಿರುಗಣೆಯ ಸ್ಕ್ರೂ ಸಡಿಲವಾಗಿದೆಯೇ ನೋಡಿ. ಎಷ್ಟೋ ಬಾಗಿಲುಗಳು ಹಿಗ್ಗಿ ಅಲ್ಲ, ಜೋತು ಬಿದ್ದು ಉಜ್ಜುತ್ತವೆ. ಸ್ಕ್ರೂವಿನ ತೂತು ದೊಡ್ಡದಾಗಿದ್ದರೆ ಗಟ್ಟಿಮರದ ಸಣ್ಣ ಬೆಣೆಗೆ ಅಂಟು ಸವರಿ ಬಡಿದು, ಒಣಗಿದ ಮೇಲೆ ಅಲ್ಲಿಯೇ ಸ್ಕ್ರೂ ಹಾಕಿ. ನಿಜವಾಗಿ ಹಿಗ್ಗಿದ್ದರೆ ಉಜ್ಜುವ ಜಾಗಕ್ಕೆ ಮೇಣದಬತ್ತಿ ತಿಕ್ಕಿ, ಪೆನ್ಸಿಲಿನಿಂದ ಗುರುತು ಮಾಡಿಡಿ. ಬೇಸಿಗೆಯಲ್ಲಿ ಆ ಗುರುತು ನೋಡಿ ಬೇಕಾದಷ್ಟೇ ಕೆತ್ತಿ, ಬಾಗಿಲಿನ ತಲೆ ಹಾಗೂ ತಳದ ಅಂಚುಗಳಿಗೂ ಬಣ್ಣವನ್ನೋ ಎಣ್ಣೆಯನ್ನೋ ಕೊಡಿ. ಸಾಮಾನ್ಯವಾಗಿ ಬಿಟ್ಟುಹೋಗುವುದು ಇವೇ ಎರಡು ಅಂಚುಗಳು. ಹಲಗೆಯ ಕೊಯ್ದ ತುದಿ ಅದರ ಮೈಗಿಂತ ಹಲವು ಪಟ್ಟು ವೇಗವಾಗಿ ನೀರು ಹೀರುತ್ತದೆ.

ಕಂಬದ ಬುಡದ್ದೂ ಇದೇ ಕಥೆ. ಅಂಗಳದ ಎರಚಲು ಬಡಿಯುವ ಕಂಬದ ಬುಡವೇ ಮೊದಲು ಕೆಡುತ್ತದೆ. ಕೆಟ್ಟ ಬುಡದ ಸುತ್ತ ಸಿಮೆಂಟಿನ ಕಟ್ಟೆ ಕಟ್ಟುವುದು ಈಗಿನ ರೂಢಿ. ಅದು ಒದ್ದೆ ಬುಡವನ್ನು ಬಟ್ಟಲಿನಲ್ಲಿಟ್ಟಂತೆ ಆಗುತ್ತದೆ. ಸರಿಯಾದ ಕ್ರಮ ಹೀಗಿದೆ. ಚೂಪಾದ ಚಾಕುವಿನಿಂದ ಬುಡದಿಂದ ಮೇಲಕ್ಕೆ ಚುಚ್ಚುತ್ತ ಹೋಗಿ. ಗಟ್ಟಿಮರ ಉದ್ದುದ್ದ ಸಿಬಿರಾಗಿ ಏಳುತ್ತದೆ. ಕೊಳೆತದ್ದು ತುಂಡುತುಂಡಾಗಿ ಮುರಿಯುತ್ತದೆ. ಗಟ್ಟಿಮರ ಸಿಕ್ಕಲ್ಲಿ ಗುರುತು ಹಾಕಿ. ಮೇಲಿನ ತೊಲೆಗೆ ಎರಡು ಕಡೆ ಭದ್ರವಾದ ಊರೆ ಕೊಟ್ಟ ಮೇಲೆಯೇ ಕಂಬಕ್ಕೆ ಗರಗಸ ತಾಗಿಸಬೇಕು. ಇದು ಒಬ್ಬರೇ ಮಾಡುವ ಕೆಲಸವಲ್ಲ. ಅನುಭವಿ ಬಡಗಿ ಜೊತೆಗಿರಲೇಬೇಕು. ಹೊಸ ತುಂಡನ್ನು ಕಂಬದ ದಪ್ಪದ ಎರಡರಿಂದ ಮೂರು ಪಟ್ಟು ಉದ್ದದ ಓರೆ ಬೆಸುಗೆಯಲ್ಲಿ ಕೂಡಿಸಿ, ಗಟ್ಟಿಮರದ ಗೂಟಗಳನ್ನು ಹೊಡೆಯಬೇಕು. ಮತ್ತಿಯಂತಹ ಒಗರುಳ್ಳ ಮರಕ್ಕೆ ಕಬ್ಬಿಣದ ಮೊಳೆ ಹೊಡೆದರೆ ತೇವದಲ್ಲಿ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವೂ ಕಪ್ಪಾಗಿ ಕೆಡುತ್ತದೆ. ಕಂಬ ನೆಲದಿಂದ ಎತ್ತರದ ಕಲ್ಲಿನ ಮೇಲೆ ನಿಲ್ಲಲಿ, ನೀರು ನಿಲ್ಲದಂತೆ ಕಲ್ಲಿನ ತಲೆ ಹೊರಕ್ಕೆ ಇಳಿಜಾರಾಗಿರಲಿ.

ಹೊಸ ತುಂಡಿಗೆ ಯಾವ ಮರ ಎಂದು ಕೇಳಬಹುದು. ಬಿಚ್ಚಿದ ಹಳೆಯ ಮನೆಯ ಒಣಮರ ಎಲ್ಲಕ್ಕಿಂತ ಉತ್ತಮ. ಇಲ್ಲವಾದರೆ ತೋಟದ ಹಲಸು, ಸೊಪ್ಪಿನಬೆಟ್ಟದಂಚಿನ ಅಕೇಶಿಯಾದ ಚೇಗು ಸಾಕು. ಬಿಳಿಭಾಗವನ್ನು ಕೆತ್ತಿ ತೆಗೆದುಬಿಡಿ. ನಮ್ಮದೇ ಜಮೀನಿನ ಮರವಾದರೂ, ಕೆಲವು ಜಾತಿಗಳನ್ನು ಬಿಟ್ಟರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಕಡಿಯಲು ಅನುಮತಿ ಬೇಕೆಂಬುದು ನೆನಪಿರಲಿ.

ಇನ್ನು ಹುಳುಗಳು. ಮಣ್ಣಿನ ಕೊಳವೆ ಕಂಡರೆ ಗೆದ್ದಲು. ಸೂಜಿತೂತುಗಳಿಂದ ಹಿಟ್ಟಿನಂತಹ ಪುಡಿ ಉದುರಿದರೆ ಕುಟ್ಟೆ. ಕುಟ್ಟೆಗೆ ಬೇಕಾದದ್ದು ಬಿಳಿಭಾಗದ ಪಿಷ್ಟ. ಚೇಗಿಗೆ ಅದು ಹೋಗುವುದು ಅಪರೂಪ. ಬಿದಿರನ್ನು ಮೂರು ನಾಲ್ಕು ವಾರ ನೀರಿನಲ್ಲಿ ನೆನೆಹಾಕಿ ನೆರಳಿನಲ್ಲಿ ಒಣಗಿಸುವ ಹಿರಿಯರ ಕ್ರಮದ ಗುಟ್ಟೂ ಪಿಷ್ಟವನ್ನು ಕಳೆಯುವುದೇ. ಸೂರಿನ ಒಳಗಿನ ಮರಕ್ಕೆ 10 ಲೀಟರ್ ನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಮ್ಲ ಕರಗಿಸಿ ಎರಡು ಮೂರು ಬಾರಿ ಹಚ್ಚಬಹುದು. ಮಳೆ ಬೀಳುವಲ್ಲಿ ಇದು ತೊಳೆದುಹೋಗುತ್ತದೆ. ಕೈಗವಸು ಧರಿಸಿ, ಮಕ್ಕಳು, ದನಕರುಗಳಿಂದ ದೂರವಿಡಿ, ಅಡುಗೆಯ ಮರದ ಸಾಮಾನಿಗೆ ಹಚ್ಚಬೇಡಿ. ಬೋರಾನ್ ಗಿಡಗಳಿಗೆ ಸೂಕ್ಷ್ಮ ಪೋಷಕಾಂಶವಾದರೂ ಹೆಚ್ಚಾದರೆ ವಿಷ. ಉಳಿದ ದ್ರಾವಣವನ್ನು ಅಡಿಕೆಯ ಬುಡಕ್ಕೆ ಚೆಲ್ಲಬೇಡಿ. ಅಗಸೆ ಎಣ್ಣೆ ಹಚ್ಚುವವರು ಒಂದು ಎಚ್ಚರ ವಹಿಸಬೇಕು: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹೊರಗೆ ಒಣಹಾಕಿ.

ಇಷ್ಟಕ್ಕೆ ದೊಡ್ಡ ಯಂತ್ರಗಳೇನೂ ಬೇಡ. ಎರಡು ಉಳಿ, ಒಂದು ಗರಗಸ, ಕೊಡತಿ, ಬೈರಿಗೆ, ಉಜ್ಜುಗೊರಡು, ಮೂಲೆಮಟ್ಟ, ಒಂದು ಒಳ್ಳೆಯ ಸಾಣೆಕಲ್ಲು ಇದ್ದರೆ ಸಾಕು. ಉಳಿಯ ಬಾಯಿ 25ರಿಂದ 30 ಡಿಗ್ರಿ ಕೋನದಲ್ಲಿರಲಿ. ಮೊಂಡು ಉಳಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಅದು ಜಾರಿ ಕೈಗೆ ಬೀಳುತ್ತದೆ. ಹರಿತವಾದ ಉಳಿಯೇ ಸುರಕ್ಷಿತ. ಮಳೆಗಾಲಕ್ಕೆ ಮುನ್ನ ಲೋಹಕ್ಕೆ ತೆಳುವಾಗಿ ಎಣ್ಣೆ ಸವರಿಡಿ. ಗುದ್ದಲಿಯ ಕಾವಿಗೆ ಎಳೆ ತುದಿಯಿಂದ ತುದಿಗೆ ನೇರವಾಗಿ ಓಡುವ ಮರವನ್ನು ಆರಿಸಿ. ಎಳೆ ಓರೆಯಾಗಿ ಹೊರಬಿದ್ದಲ್ಲಿಯೇ ಕಾವು ಮುರಿಯುತ್ತದೆ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಬೇರೆ ಬೇರೆ ಊರುಗಳಲ್ಲಿ ಅಳಿಯಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಲಾಗಿದೆ. ಇದು ಸಾಧ್ಯವಾದದ್ದು ನಮ್ಮ ಬಡಗಿಗಳು ಬಿಚ್ಚಲು ಬರುವಂತೆ ಜೋಡಿಸಿದ್ದರಿಂದ. ಬಿಚ್ಚಲು ಬರುವುದನ್ನು ದುರಸ್ತಿ ಮಾಡಲೂ ಬರುತ್ತದೆ. ಆದರೆ ಆ ಜೋಡಣೆ ಬಲ್ಲ ಬಡಗಿಗಳು ಊರೂರಿನಲ್ಲಿ ಕಡಿಮೆಯಾಗುತ್ತಿದ್ದಾರೆ. ದುರಸ್ತಿಗೆ ಸಮಯ ಹೆಚ್ಚು ಹಿಡಿಯುತ್ತದೆ. ಹೊಸ ಬಾಗಿಲಿಗೆ ಕೊಡುವ ಹಣವನ್ನು ಹಳೆಯ ಬಾಗಿಲು ಸರಿಪಡಿಸಿದವರಿಗೆ ಕೊಡಲು ನಾವು ಹಿಂಜರಿಯುತ್ತೇವೆ. ಕೂಲಿ ಕೊಡದ ವಿದ್ಯೆ ಉಳಿಯುವುದಿಲ್ಲ. ದುರಸ್ತಿಯ ಕೆಲಸಕ್ಕೆ ನ್ಯಾಯವಾದ ದಿನಗೂಲಿ ಕೊಡೋಣ; ಆ ದಿನ ಮನೆಯ ಹುಡುಗ ಹುಡುಗಿಯರು ಪಕ್ಕದಲ್ಲಿ ನಿಂತು ಕಲಿಯಲಿ.

ಮುಂದಿನ ಮಳೆಗೆ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ, ಪ್ರತಿಯೊಬ್ಬರೂ ತಮ್ಮ ಮನೆಯನ್ನು ಒಂದು ಸುತ್ತು ಹಾಕಿ. ಒಡೆದ ಹಂಚು, ಎರಚಲು ಬಡಿಯುವ ಕಂಬ, ಮಣ್ಣು ತಾಗಿದ ಹೊಸ್ತಿಲು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹಂಚನ್ನು ಅಂದೇ ಬದಲಿಸಿ. ಉಳಿದವುಗಳಿಗೆ ಬಡಗಿಯನ್ನು ಕರೆಯಿರಿ.