ವಯೋಧರ್ಮಕ್ಕೆ ತಕ್ಕ ದಾಕು



ಬಿಟ್ಟಂಗಾಲದಂಥ ಊರಿನಲ್ಲಿ ದಾಕಿನ ಮಾತನ್ನೆತ್ತಿದರೆ, ಅದು ಎಳೆಮಕ್ಕಳ ವಿಷಯವೆಂದು ಹಿರಿಯರು ಮೆಲ್ಲನೆ ಎದ್ದು ಹೋಗುವುದುಂಟು. ಈ ಎಣಿಕೆಯು ಸರಿಯಲ್ಲ. ಜಾತಮಾತ್ರದ ಶಿಶುವಿನಿಂದ ಮೊದಲ್ಗೊಂಡು ಊರುಗೋಲು ಹಿಡಿದ ವೃದ್ಧರವರೆಗೆ ಒಂದೊಂದು ವಯಸ್ಸಿಗೂ ಅದರದರ ಭಯವುಂಟು. ಅದರದರ ರಕ್ಷೆಯೂ ಉಂಟು.

ಮೊದಲು ಇದರ ಪೂರ್ವಕಥೆ. ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯನು 1796ರಲ್ಲಿ ಹಸುವಿನ ಸಿಡುಬಿನ ರಸದಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿದನು. ಆ ರಸವು ಬಾಗ್ದಾದು, ಬಸ್ರಾಗಳ ಮಾರ್ಗವಾಗಿ ತೋಳಿನಿಂದ ತೋಳಿಗೆ ದಾಟುತ್ತ ಬಂದು, 1802ನೆಯ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಹೆಣ್ಣುಮಗುವೊಂದಕ್ಕೆ ಫಲಿಸಿತು. ತೋಳಿನಿಂದ ತೋಳಿಗೆ ಎಂಬಲ್ಲಿಯೇ ಜನರಿಗೆ ಅಳುಕು. ಯಾರ ಮೈಯ ಕೀವೋ ತಮ್ಮ ಮಕ್ಕಳ ಮೈಗೆ ಸೇರುವುದೆಂದು ಕೆಲವರು, ಅಮ್ಮನು ಮುನಿಯುವಳೆಂದು ಕೆಲವರು ಹಿಂಜರಿದರು. ಆ ಕಾಲದಲ್ಲಿ, 1805ರ ಸುಮಾರಿಗೆ, ಥಾಮಸ್ ಹಿಕಿ ಬರೆದನೆನ್ನುವ ಚಿತ್ರವೊಂದರಲ್ಲಿ ಮೈಸೂರರಮನೆಯ ಮೂವರು ಸ್ತ್ರೀಯರು ಕಾಣುತ್ತಾರೆ. ಅವರಲ್ಲೊಬ್ಬಳು ಸೀರೆಯನ್ನು ಸರಿಸಿ ತೋಳಿನ ಕಡೆಗೆ ಬೆರಳು ಮಾಡಿದ್ದಾಳೆ. ದಾಕು ಹಾಕಿಸಿಕೊಂಡ ಸ್ಥಳವನ್ನು ಪ್ರಜೆಗಳಿಗೆ ತೋರಿಸುವುದೇ ಅದರ ಉದ್ದೇಶವೆಂದು ಇತಿಹಾಸಜ್ಞ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಅದು ನಿಜವಾಗಿದ್ದರೆ, ಅಂತಃಪುರದ ಹೆಣ್ಣುಮಗಳು ಪರದೇಶದ ಚಿತ್ರಗಾರನೆದುರು ತೋಳು ತೋರಿದ್ದು ಸಾಮಾನ್ಯ ಧೈರ್ಯವಲ್ಲ. ಲೋಕದಿಂದ ಸಿಡುಬು ಅಳಿಯಿತೆಂದು 1980ರ ಮೇ 8ರಂದು ಸಾರಲಾಯಿತು. ಆ ದಾಕಿನ ಗುರುತು ಈಗ ಹಿರಿಯರ ತೋಳುಗಳಲ್ಲಿ ಮಾತ್ರ ಉಳಿದಿದೆ.

ಸರ್ಕಾರದ ಈಗಿನ ಕ್ರಮದಂತೆ ಮಗು ಹುಟ್ಟಿದೊಡನೆ ಕ್ಷಯಕ್ಕೆ ಬಿ.ಸಿ.ಜಿ., ಪೋಲಿಯೋ ಹನಿ, ಯಕೃತ್ತಿನ ಕಾಮಾಲೆಗೆ ಒಂದು ಚುಚ್ಚುಮದ್ದು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೊದಲಾದ ಐದು ರೋಗಗಳಿಗೆ ಒಂದೇ ಸೂಜಿಯ ಮದ್ದು. ಭೇದಿಯ ಹನಿಯೂ ಆಗಲೇ. ಒಂಬತ್ತು ತಿಂಗಳು ತುಂಬಿದಾಗ ದಡಾರದ್ದು. ಒಂದೂವರೆ ವರ್ಷದ ಸುಮಾರಿಗೆ ಅದರ ಎರಡನೆಯ ಸರದಿ. ಐದಾರು ವರ್ಷಕ್ಕೊಮ್ಮೆ, ಹತ್ತಕ್ಕೊಮ್ಮೆ, ಹದಿನಾರಕ್ಕೊಮ್ಮೆ ಹಿಂದಿನದರ ಬಲವನ್ನು ಹೆಚ್ಚಿಸತಕ್ಕದ್ದು. ಇವೆಲ್ಲವೂ ಧರ್ಮಾರ್ಥವಾಗಿಯೇ ದೊರೆಯುತ್ತವೆ.

ಕೆಡುವುದು ಆರಂಭದಲ್ಲಿ ಅಲ್ಲ, ನಡುವಿನಲ್ಲಿ. ಆರನೆಯ ವಾರದ ಚುಚ್ಚಿನ ರಾತ್ರಿ ಮಗುವಿಗೆ ಮೈ ಬಿಸಿಯಾಗುತ್ತದೆ, ತೊಡೆ ಬಾಯುತ್ತದೆ, ಬೆಳಗಿನವರೆಗೂ ಅಳುತ್ತದೆ. ಅಜ್ಜಿಯು ಸೊಸೆಗೆ, "ಇನ್ನು ಆ ಕಡೆಗೆ ಹೋಗಬೇಡ ಮಗಳೇ," ಎನ್ನುತ್ತಾಳೆ. ಪ್ರೀತಿಯ ಮಾತೇ ಸರಿ. ಆದರೆ ಆ ಪ್ರೀತಿಯಿಂದಲೇ ಮಗುವಿನ ರಕ್ಷೆಯು ಅರ್ಧಕ್ಕೆ ನಿಲ್ಲುತ್ತದೆ. ಮೈಯು ರೋಗವನ್ನು ಗುರುತಿಸಲು ಕಲಿಯುವಾಗ ಬರುವ ಆ ಜ್ವರವು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುವಂಥದು. ಕಾಫಿ ಕುಯ್ಯುವ ಕಾಲಕ್ಕೆ ಹೊರಗಿನಿಂದ ಬಂದು ತೋಟದ ಲೈನುಮನೆಗಳಲ್ಲಿ ಇಳಿಯುವವರ ಮಕ್ಕಳಿಗೂ ಇದೇ ಗತಿ: ಒಂದು ಸರದಿ ಅಲ್ಲಿ, ಮುಂದಿನದು ಎಲ್ಲಿಯೂ ಇಲ್ಲ. ತಪ್ಪಿಹೋದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ನಿಂತಲ್ಲಿಂದ ಮುಂದುವರಿಸಿದರೆ ಸಾಕು. ತೋಟದ ಯಜಮಾನರು ಕೂಲಿಯ ಲೆಕ್ಕವನ್ನು ಬರೆಯುವಾಗಲೇ ಮಕ್ಕಳ ತಾಯಿಕಾರ್ಡನ್ನೂ ಕೇಳಿ ನೋಡುವುದು ಉಚಿತ.

ಹೆಣ್ಣುಮಕ್ಕಳಿಗೆ ಒಂಬತ್ತರಿಂದ ಹದಿನಾಲ್ಕು ವರ್ಷಗಳೊಳಗೆ ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ವೈದ್ಯರು ಹೇಳುತ್ತಾರೆ. ಈ ಮಾತನ್ನು ಮನೆಯಲ್ಲಿ ಎತ್ತಲು ನಾಚುವವರು ಬಹಳ. ರೋಗಕ್ಕೆ ಆ ನಾಚಿಕೆಯಿಲ್ಲ. ಗರ್ಭಿಣಿಗೆ ಧನುರ್ವಾಯುವಿನದು ಎರಡು ಸರದಿ, ನಡುವೆ ನಾಲ್ಕು ವಾರ. ಅದರ ಫಲವು ಗರ್ಭಸ್ಥ ಶಿಶುವಿಗೂ ಮುಟ್ಟುತ್ತದೆ.

ಗದ್ದೆ ತೋಟಗಳಲ್ಲಿ ಗುದ್ದಲಿ, ಕತ್ತಿ ಹಿಡಿದು ದುಡಿಯುವ ಗಂಡಸರು ಹತ್ತು ವರ್ಷಕ್ಕೊಮ್ಮೆ ಧನುರ್ವಾಯುವಿನ ಮದ್ದನ್ನು ಚುಚ್ಚಿಸಿಕೊಳ್ಳತಕ್ಕದ್ದು. ಇನ್ನು ನಾಯಿ ಕಡಿದರಂತೂ ವಿಳಂಬವೇ ಮೃತ್ಯು. ಕೂನೂರಿನಲ್ಲಿ 1907ರಲ್ಲಿ ಪಾಸ್ತರ್ ಸಂಸ್ಥೆಯು ಸ್ಥಾಪಿತವಾದಾಗ ದಕ್ಷಿಣದೇಶದ ಜನರು ದೂರದೂರದಿಂದ ಅಲ್ಲಿಗೆ ಹೋಗುತ್ತಿದ್ದರು. ಹೊಟ್ಟೆಯ ಸುತ್ತ ಹದಿನಾಲ್ಕು ಚುಚ್ಚು ಎಂಬ ಹಳೆಯ ಭೀತಿ ಇನ್ನೂ ಜನರ ಬಾಯಲ್ಲಿದೆ. ಆ ಪದ್ಧತಿಯು ನಿಂತು ವರ್ಷಗಳಾದವು. ಈಗ ತೋಳಿಗೆ ನಾಲ್ಕೈದು ಸರದಿ ಮಾತ್ರ. ಗಾಯಕ್ಕೆ ಸುಣ್ಣ, ಮೆಣಸಿನಪುಡಿಗಳನ್ನು ಮೆತ್ತಬಾರದು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಕಾಲುಗಂಟೆ ತೊಳೆದು, ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಲಕ್ಷಣ ತೋರಿದ ಮೇಲೆ ಯಾವ ವೈದ್ಯನ ಕೈಯಲ್ಲಿಯೂ ಏನೂ ಇರುವುದಿಲ್ಲ.

ಅರುವತ್ತು ಮೀರಿದವರಿಗೆ ಮಳೆಗಾಲವೇ ಕಷ್ಟಕಾಲ. ಕೊಡಗಿನ ಮಳೆಯಲ್ಲಿ ಶೀತಜ್ವರವು ಎದೆಗಿಳಿದರೆ ಏಳುವುದು ಕಷ್ಟ. ಆದಕಾರಣ ಮುಂಗಾರಿಗೆ ಮುಂಚೆ, ವರ್ಷಕ್ಕೊಮ್ಮೆ ಇನ್‌ಫ್ಲುಯೆಂಜಾದ ಲಸಿಕೆ. ವೈದ್ಯರ ಸಲಹೆಯಂತೆ ನ್ಯುಮೋನಿಯಾದ್ದು, ಸರ್ಪಸುತ್ತಿನದು. ಇವಕ್ಕೆ ಸಾಮಾನ್ಯವಾಗಿ ಕೈಯಿಂದ ಹಣ ಹಾಕಬೇಕು. ಕಾವಲುನಾಯಿಗೆ ವರ್ಷವರ್ಷವೂ ತಪ್ಪದೆ ಚುಚ್ಚಿಸುವ ಮನೆಯವರು ಅಜ್ಜನ ಲಸಿಕೆಯ ಖರ್ಚನ್ನು ಎಣಿಸುತ್ತ ಕೂರುವುದು ವಿಚಿತ್ರವೇ ಸರಿ. ಮೇ ತಿಂಗಳು ಮುಗಿಯುವುದರೊಳಗೆ ವಿರಾಜಪೇಟೆಗೆ ಸಂತೆಗೆ ಹೋಗುವ ಮಕ್ಕಳು ಮನೆಯ ಹಿರಿಯರನ್ನೂ ಒಮ್ಮೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಲಿ.