ದಮ್ಮು ಇದ್ದವನ ಕೈಗೆ ಬೀಡಿ ಕೊಡಬೇಡಿ
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ನಾನು ಪಗಾರದ ಮಾತು ಆಡುವುದಿಲ್ಲ, ಬೋನಸ್ಸಿನ ಮಾತೂ ಆಡುವುದಿಲ್ಲ. ಉಸಿರಿನ ಮಾತು ಆಡುತ್ತೇನೆ. ನಾನು ಡಾಕ್ಟರನಲ್ಲ. ಏಳನೆಯ ಕ್ಲಾಸು ಮುಗಿಸಿ ಬೊಂಬಾಯಿಗೆ ಬಂದು, ಮೋರಿಯಲ್ಲಿ ತಟ್ಟೆ ತೊಳೆದು, ಟೇಬಲು ಒರಸಿ, ಆಮೇಲೆ ವೇಟರ್ ಆದವನು. ಆದರೂ ಈ ವಿಷಯದಲ್ಲಿ ತಮ್ಮ ಮುಂದೆ ನಿಲ್ಲಲು ಒಂದು ಕಾರಣವಿದೆ. ತಪ್ಪು ನನ್ನಿಂದಲೇ ಆಗಿದೆ.

ಕೆಲವು ವರ್ಷಗಳ ಹಿಂದಿನ ಸಂಗತಿ. ಹೋಟೆಲಿನ ಮೇಲಿನ ಒಂದೇ ರೂಮಿನಲ್ಲಿ ನಾವು ಹನ್ನೊಂದು ಮಂದಿ ಮಲಗುತ್ತಿದ್ದೆವು. ಬೈಂದೂರು ಕಡೆಯ ಒಬ್ಬ ಹುಡುಗ ಹೊಸದಾಗಿ ಬಂದಿದ್ದ. ಇಪ್ಪತ್ತರ ಪ್ರಾಯ. ಚಿಕ್ಕಂದಿನಿಂದಲೂ ಅವನಿಗೆ ಉಬ್ಬಸ. ಮಾಲಕರಿಗೆ ಗೊತ್ತಾದರೆ ಊರಿಗೆ ಕಳಿಸಿಯಾರು ಎಂದು ಹೆದರಿ, ಸೇದುವ ಔಷಧದ ಪಂಪನ್ನು ಟ್ರಂಕಿನ ತಳದಲ್ಲಿ ಅಡಗಿಸಿ ಇಡುತ್ತಿದ್ದ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ನಾವೆಲ್ಲ ಹಿಂಬದಿಯ ಗಲ್ಲಿಗೆ ಬೀಡಿಗೆ ಹೋಗುತ್ತಿದ್ದೆವು. ಸುಮ್ಮನೆ ನಿಂತವನನ್ನು ಕಂಡರೆ ಮೇನೇಜರು, ‘ಏನೋ, ಕೆಲಸ ಇಲ್ವಾ?’ ಎಂದು ಒಳಗೆ ಕರೆಯುತ್ತಿದ್ದರು. ಬೀಡಿ ಹಚ್ಚಿದವನನ್ನು ಏನೂ ಅನ್ನುತ್ತಿರಲಿಲ್ಲ. ‘ನೀನೂ ಒಂದು ಹಚ್ಚು ಮಾರಾಯ, ಐದು ಮಿನಿಟು ನಿಲ್ಲಬಹುದು’ ಎಂದು ಆ ಹುಡುಗನ ಕೈಗೆ ಮೊದಲ ಬೀಡಿ ಕೊಟ್ಟವನು ನಾನೇ.

ಜುಲೈ ತಿಂಗಳ ಒಂದು ರಾತ್ರಿ. ಮಳೆಯ ಇರಚಲು ಒಳಗೆ ಬರುತ್ತದೆಂದು ಕಿಟಕಿ ಮುಚ್ಚಿದ್ದೆವು. ಮಲಗುವ ಮೊದಲು ನಾಲ್ಕು ಮಂದಿ ಅಲ್ಲೇ ಬೀಡಿ ಸೇದಿದೆವು. ನಡುರಾತ್ರಿ ಎಚ್ಚರವಾಗಿ ನೋಡಿದರೆ ಹುಡುಗ ಎದ್ದು ಕುಳಿತಿದ್ದಾನೆ. ಎರಡೂ ಕೈ ಮೊಣಕಾಲಿಗೆ ಊರಿದ್ದಾನೆ. ಒಂದೊಂದು ಉಸಿರಿಗೂ ಹೆಗಲು ಮೇಲೇರುತ್ತಿದೆ. ‘ಅಣ್ಣಾ’ ಎಂದ, ಮುಂದಿನ ಮಾತು ಬರಲಿಲ್ಲ. ಪಂಪಿನಲ್ಲಿ ಔಷಧ ಮುಗಿದಿತ್ತು. ಅವನನ್ನು ಹೊತ್ತು ಕೆಳಗಿಳಿಸಿ, ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಒಯ್ದಾಗ ತುಟಿ ನೀಲಿಗಟ್ಟಿತ್ತು. ಆಮ್ಲಜನಕ ಕೊಟ್ಟರು, ಔಷಧದ ಹಬೆ ಕೊಟ್ಟರು, ಸೂಜಿ ಚುಚ್ಚಿದರು. ಬೆಳಗಾಗುವಷ್ಟರಲ್ಲಿ ಜೀವ ಉಳಿಯಿತು. ಡಾಕ್ಟರು ನಮ್ಮ ಅಂಗಿಯ ವಾಸನೆ ಹಿಡಿದು, ‘ಈ ಹೊಗೆಯಲ್ಲಿ ಮಲಗಿಸಿ ಆಮೇಲೆ ಇಲ್ಲಿಗೆ ತಂದಿರಾ?’ ಎಂದು ಕೇಳಿದರು. ನನಗೆ ತಲೆ ಎತ್ತಲಾಗಲಿಲ್ಲ. ವಾರದೊಳಗೆ ಮಾಲಕರು ಲೆಕ್ಕ ಚುಕ್ತಾ ಮಾಡಿ ಹುಡುಗನನ್ನು ಊರಿನ ಬಸ್ಸು ಹತ್ತಿಸಿದರು.

ಆ ದಿನ ಡಾಕ್ಟರು ತಿಳಿಸಿದ್ದನ್ನೂ, ಆಮೇಲೆ ಕೇಳಿ ಕಲಿತದ್ದನ್ನೂ ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಮೋರಿಯ ಪೈಪು ಕಟ್ಟುವುದನ್ನು ನಾವೆಲ್ಲ ಕಂಡವರು. ಎದೆಯೊಳಗೆ ಗಾಳಿ ಹೋಗುವ ಕೊಳವೆಗಳೂ ಹಾಗೆಯೇ. ದಮ್ಮು ಇದ್ದವನಲ್ಲಿ ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ. ಕೊಳವೆಯ ಒಳಮೈ ಬಾತುಕೊಳ್ಳುತ್ತದೆ, ಸುತ್ತಲಿನ ಸ್ನಾಯು ಅದನ್ನು ಹಿಚುಕುತ್ತದೆ, ಒಳಗೆ ಅಂಟಾದ ಕಫ ತುಂಬುತ್ತದೆ. ಧೂಳು, ಮೆಣಸಿನ ಘಾಟು, ಚಳಿಗಾಳಿ, ಯಾವುದರಿಂದಲೂ ಅದು ಕೆರಳಬಹುದು. ಬೀಡಿಯ ಹೊಗೆಯನ್ನು ನಾವು ಬೇಕೆಂದೇ ಒಳಗೆ ಎಳೆಯುತ್ತೇವೆ. ಕೊಳವೆಯ ಒಳಗೆ ಕಫವನ್ನು ಮೇಲಕ್ಕೆ ಗುಡಿಸುವ ಅತಿ ಸಣ್ಣ ರೋಮಗಳಿವೆ. ಹೊಗೆ ತಾಗಿದರೆ ಅವು ಸೋತುಹೋಗುತ್ತವೆ. ಪೊರಕೆ ನಿಂತ ಮೇಲೆ ಕಸ ಎಲ್ಲಿಗೆ ಹೋದೀತು?

‘ಬೆಳಿಗ್ಗೆ ಒಂದು ಬೀಡಿ ಎಳೆದರೆ ಕಫ ಕಿತ್ತುಬರುತ್ತದೆ’ ಎಂದು ನಮ್ಮವರು ಹೇಳುವುದುಂಟು. ನಾನೂ ಹೇಳಿದ್ದೇನೆ. ಆ ಕಫ ಹೆಚ್ಚಾಗುವುದೇ ಬೀಡಿಯಿಂದ.

‘ಸಿಗರೇಟು ಕೆಟ್ಟದ್ದು, ಬೀಡಿ ಬರೇ ಎಲೆ’ ಎನ್ನುವವರಿದ್ದಾರೆ. ಬೀಡಿಯಲ್ಲಿ ಹೊಗೆಸೊಪ್ಪು ಸಿಗರೇಟಿಗಿಂತ ಕಡಿಮೆ, ನಿಜ. ಆದರೆ ಆ ಎಲೆಯೊಳಗೆ ಗಾಳಿ ಆಡುವುದಿಲ್ಲ. ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಆದುದರಿಂದ ಎದೆಗೆ ಇಳಿಯುವ ಟಾರು, ಕಾರ್ಬನ್ ಮೊನಾಕ್ಸೈಡು ಕಡಿಮೆಯಲ್ಲ, ಹೆಚ್ಚೇ. ದಕ್ಷಿಣ ಕನ್ನಡದ ನಮ್ಮಲ್ಲಿ ಎಷ್ಟೋ ಮಂದಿಯನ್ನು ತಾಯಂದಿರು ಬೀಡಿ ಕಟ್ಟಿಯೇ ಸಾಕಿದರು. ಆ ಕೈಗಳನ್ನು ನಾನು ಹಳಿಯುತ್ತಿಲ್ಲ. ಮಕ್ಕಳ ಎದೆ ಸುಡಲೆಂದು ಅವರು ಅದನ್ನು ಕಟ್ಟಲಿಲ್ಲ.

ಇನ್ನು ಕೆಲವು ಹಿರಿಯರು, ‘ದಮ್ಮಿಗೆ ಹೊಗೆಯೇ ಮದ್ದು, ಹಿಂದೆ ಉಮ್ಮತ್ತಿ ಎಲೆ ಸೇದುತ್ತಿದ್ದರು’ ಎನ್ನುತ್ತಾರೆ. ಅದೂ ಸುಳ್ಳಲ್ಲ. 1802ರ ಸುಮಾರಿಗೆ ಮದರಾಸಿನಿಂದ ಈ ಪದ್ಧತಿ ಇಂಗ್ಲೆಂಡಿಗೂ ಹೋಯಿತು. ಉಮ್ಮತ್ತಿಯಲ್ಲಿ ಕೊಳವೆ ಸಡಿಲಿಸುವ ಒಂದು ಅಂಶವಿದೆ. ಆದರೆ ಅದು ವಿಷದ ಗಿಡ. ಅದೇ ಜಾತಿಯ ಗುಣವುಳ್ಳ ಔಷಧ ಇಂದು ಅಳತೆಯಲ್ಲಿ, ಹೊಗೆಯಿಲ್ಲದೆ ಪಂಪಿನಲ್ಲಿ ಸಿಗುತ್ತದೆ. ಹೊಗೆಸೊಪ್ಪಿಗೆ ಆ ಗುಣವಿಲ್ಲ.

ಪಂಪಿನ ವಿಷಯ ಬಂತು. ‘ಅದು ಚಟವಾಗುತ್ತದೆ’ ಎಂದು ಅಂಜುವವರೇ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಾರೆ! ಪಂಪು ಚಟವಲ್ಲ. ಉಬ್ಬಸ ಎದ್ದಾಗ ಇಳಿಸುವುದು ಒಂದು ಬಗೆ. ಏಳದಂತೆ ದಿನವೂ ತೆಗೆದುಕೊಳ್ಳುವುದು ಇನ್ನೊಂದು. ಆದರೆ ಬೀಡಿ ಸೇದುವವನಲ್ಲಿ ಈ ದಿನದ ಔಷಧ ಸರಿಯಾಗಿ ನಾಟುವುದಿಲ್ಲ. ಒಂದು ಕೈಯಲ್ಲಿ ಪಂಪು, ಇನ್ನೊಂದರಲ್ಲಿ ಬೀಡಿ ಹಿಡಿದವನು ದುಡ್ಡನ್ನೂ ಎದೆಯನ್ನೂ ಒಟ್ಟಿಗೆ ಕಳೆಯುತ್ತಾನೆ. ವರ್ಷಗಟ್ಟಲೆ ಹೀಗೇ ನಡೆದರೆ ಕೊಳವೆ ಮತ್ತೆ ಹಿಗ್ಗದಷ್ಟು ಕೆಡುತ್ತದೆ.

ಗಿರಣಿಯ ಹಿರಿಯರಿಗೂ ಒಂದು ಮಾತು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೆ ಅಲ್ಲಿ ನುಂಗಿದ ಹತ್ತಿಯ ಧೂಳು ಎಷ್ಟೋ ಎದೆಗಳನ್ನು ಕೆಡಿಸಿಯಾಗಿತ್ತು. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಬಿಗಿಯುವುದು ಆ ಧೂಳಿನ ರೋಗದ ಗುರುತು. ಭಿವಂಡಿಯ ಮಗ್ಗಗಳಲ್ಲಿ ದುಡಿಯುವ ತಮ್ಮಂದಿರು ಇದನ್ನು ನೆನಪಿಡಬೇಕು. ಧೂಳಿನ ಮೇಲೆ ಹೊಗೆ ಸೇರಿದರೆ ಕೇಡು ಇಮ್ಮಡಿ.

ತಾನು ಸೇದದಿದ್ದರೂ ಪಕ್ಕದವನ ಹೊಗೆ ಸಾಕು, ಉಬ್ಬಸ ಏಳುತ್ತದೆ. 2008ರ ಅಕ್ಟೋಬರ್ 2ರಿಂದ ದೇಶದಲ್ಲೆಲ್ಲ ಹೋಟೆಲು ಮುಂತಾದ ಕಡೆ, ಕೆಲಸದ ಜಾಗದಲ್ಲಿ ಧೂಮಪಾನಕ್ಕೆ ನಿಷೇಧವಿದೆ. ದಂಡವೂ ಇದೆ. ಗಿರಾಕಿಯ ಮುಂದೆ ಈ ಬೋರ್ಡು ತೂಗುತ್ತದೆ. ನಾವು ಮಲಗುವ ರೂಮಿನಲ್ಲಿ ತೂಗುವುದಿಲ್ಲ. ಅಲ್ಲಿ ನಾವೇ ಕಾನೂನು ಮಾಡಿಕೊಳ್ಳಬೇಕು.

ಆದುದರಿಂದ ಸಭೆಯ ಮುಂದೆ ನನ್ನ ಸೂಚನೆಗಳು ಇವು. ಮಲಗುವ ರೂಮಿನಲ್ಲಿ ಯಾರೂ ಬೀಡಿ ಹಚ್ಚಬಾರದು, ಹಿರಿಯ ಭಟ್ಟರಾದರೂ ಸರಿ. ಉಬ್ಬಸ ಇದ್ದವನು ಪಂಪನ್ನು ಅಡಗಿಸಬಾರದು. ಅದು ಎಲ್ಲಿದೆ ಎಂದು ಪಕ್ಕದ ಹಾಸಿಗೆಯವನಿಗೆ ಗೊತ್ತಿರಬೇಕು. ಪಂಪಿನಿಂದ ಇಳಿಯದಿದ್ದರೆ, ಒಂದು ಮಾತು ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಇ.ಎಸ್.ಐ. ಕಾರ್ಡು ಇದ್ದವರು ಅಲ್ಲಿಯ ದವಾಖಾನೆಗೆ ಹೋಗಿ ತೋರಿಸಿಕೊಳ್ಳಿ. ಮಾಲಕರ ಮುಂದೆ ಸಂಘ ಎರಡು ಬೇಡಿಕೆ ಇಡಬೇಕು. ಕಾಯಿಲೆಯ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಬಾರದು. ಮಧ್ಯಾಹ್ನ ಹದಿನೈದು ಮಿನಿಟು ಬಿಡುವು ಎಲ್ಲರಿಗೂ ಸಿಗಬೇಕು. ಉಸಿರಾಡಲು ಬಿಡುವು ಬೇಕಾದರೆ ಬೀಡಿ ಹಚ್ಚಲೇಬೇಕು ಎಂಬ ಪದ್ಧತಿ ನಿಲ್ಲಬೇಕು.

ಬಿಡುವುದು ಸುಲಭವಲ್ಲ. ನಾನು ಎರಡು ಸಲ ಬಿಟ್ಟು ಎರಡು ಸಲ ಹಿಡಿದವನು. ಮೂರನೆಯ ಸಲ ನಿಂತಿತು. ಮೊದಲ ವಾರ ಸಿಟ್ಟು, ತಲೆನೋವು. ಆಮೇಲೆ ತಡೆದುಕೊಳ್ಳಬಹುದು. ಸರಕಾರದ ಫೋನು ಇದೆ, 1800-11-2356. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಕೊನೆಯ ಬೀಡಿ ಆರಿದ ಒಂದೆರಡು ದಿನದಲ್ಲೇ ರಕ್ತದಲ್ಲಿರುವ ಕಾರ್ಬನ್ ಮೊನಾಕ್ಸೈಡು ಇಳಿಯುತ್ತದೆ. ಕೆಲವು ವಾರಗಳಲ್ಲಿ ಮೆಟ್ಟಿಲು ಹತ್ತುವಾಗ ತಮಗೇ ತಿಳಿಯುತ್ತದೆ.

ಆ ಹುಡುಗ ಈಗ ಊರಿನಲ್ಲೇ ಒಂದು ಅಂಗಡಿಯಲ್ಲಿದ್ದಾನೆ. ಕಳೆದ ವರ್ಷ ಫೋನು ಮಾಡಿ ತಪ್ಪಾಯಿತು ಎಂದೆ. ‘ಅದೆಲ್ಲ ಬಿಡಿ ಅಣ್ಣಾ, ರೂಮಿನ ಕಿಟಕಿ ಈಗ ತೆರೆದಿಡುತ್ತೀರಾ?’ ಎಂದು ಕೇಳಿದ. ತೆರೆದಿಡುತ್ತೇವೆ ಎಂದು ಅವನಿಗೆ ಮಾತು ಕೊಟ್ಟಿದ್ದೇನೆ. ಆ ಮಾತನ್ನು ಉಳಿಸಿಕೊಡುವುದು ತಮ್ಮ ಕೈಯಲ್ಲಿದೆ.