ಪಾಯದ ಮಣ್ಣನ್ನ ಲಾರಿಗೆ ತುಂಬೋ ಮುಂಚೆ

ನಾನು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನವನು. ಕಾಲೇಜಲ್ಲಿ ಹೊಸ ‘ಗ್ರೀನ್ ಬಿಲ್ಡಿಂಗ್’ ಅಂದ ತಕ್ಷಣ ಎಲ್ಲರೂ ಸೋಲಾರ್ ಎಷ್ಟಿದೆ ಅಂತ ಕೇಳ್ತಾರೆ. ನಾನು ಕೇಳೋದು, ಗೋಡೆ ಯಾವುದರದ್ದು?

ಇಟ್ಟಿಗೆ ಸುಡೋಕೆ ಗೂಡು ಬೇಕು, ಗೂಡಿಗೆ ಸೌದೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸುಡದ ಮಣ್ಣಿನ ಬ್ಲಾಕ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮಣ್ಣು, ಮರಳಿಗೆ ಸುಮಾರು ಶೇ 7ರಷ್ಟು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರ್ನಾಲ್ಕು ವಾರ ನೀರು ಹಾಕಿ ಕ್ಯೂರಿಂಗ್ ಮಾಡಿದರೆ ಬ್ಲಾಕ್ ರೆಡಿ. ಎರೆಮಣ್ಣು ಆಗಲ್ಲ, ಕೆಮ್ಮಣ್ಣು ಒಳ್ಳೇದು.

ಮಣ್ಣಿನ ಗೋಡೆ ಅಂದ್ರೆ ಬಡತನ ಅನ್ನೋ ನಾಚಿಕೆ ನಮ್ಮ ಕಡೆ ಇನ್ನೂ ಇದೆ. ಕಾಲೇಜೇ ಮಣ್ಣಲ್ಲಿ ಎದ್ದರೆ ಊರವರೂ ಧೈರ್ಯ ಮಾಡ್ತಾರೆ. ನಿಮ್ಮ ಕ್ಯಾಂಪಸ್ಸಲ್ಲಿ ಪಾಯ ತೆಗೀತಿದ್ರೆ, ಆ ಮಣ್ಣು ಲಾರಿ ಹತ್ತೋ ಮುಂಚೆ ಪ್ರಿನ್ಸಿಪಾಲರನ್ನ ಒಂದ್ಸಲ ಕೇಳಿ.